ಕೂಸಿನ ಕಿವಿಗೆ ಅಡ್ಡಹೆಸರು

ನಮ್ಮ ಜನರಲ್ಲಿ ಕೂಸಿನ ಹೆಸರನ್ನು ಯಾರು ಬೇಕಾದರೂ ಆರಿಸಬಹುದು, ಆದರೆ ಅದನ್ನು ಇಡುವವಳು ಸೋದರತ್ತೆ. ತೊಟ್ಟಿಲಿಗೆ ಹಾಕುವ ದಿನ ತಂದೆಯ ಅಕ್ಕನೋ ತಂಗಿಯೋ ಕೂಸಿನ ಕಿವಿಗೆ ಬಾಯಿ ಹಚ್ಚಿ ‘ಕುರ್ರ್’ ಎಂದು ಹೆಸರು ಹೇಳಬೇಕು. ಹಾಗೆ ಹೇಳುವಾಗ ಸುತ್ತ ಕೂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದಬೇಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮವ್ವ ಹೇಳುವುದು, “ಸೋದರತ್ತಿಗೆ ಸೊಕ್ಕು ಬರಬಾರದಂತ.” ಅವ್ವನ ಇನ್ನೊಂದು ಮಾತೂ ಇದೆ: “ಕಿವ್ಯಾಗ ಬಿದ್ದ ಹೆಸರು ಹೊಳ್ಳಿ ಬರೂದಿಲ್ಲ.” ಅಂದರೆ ಸೋದರತ್ತೆ ಹೇಳಿದ್ದೇ ಹೆಸರು. ಅದು ತಿರುಗಿ ಬರುವುದಿಲ್ಲ, ಆಮೇಲೆ ತಿದ್ದುವ ಮಾತಿಲ್ಲ.

ನನಗಿರುವುದು ಒಬ್ಬನೇ ತಮ್ಮ. ಅವನ ಲಗ್ನವಾಗಿ ಕೆಲವು ವರ್ಷ ಕಳೆದು ಹೆಣ್ಣುಕೂಸು ಹುಟ್ಟಿದಾಗ ನನಗಾದ ಸಂತೋಷದಲ್ಲಿ ಈ ಅಧಿಕಾರದ ಸಂತೋಷವೂ ಸ್ವಲ್ಪ ಇತ್ತು ಎಂದರೆ ಸುಳ್ಳಲ್ಲ. ನಾನು ಯಲ್ಲಾಪುರದ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಅವ್ವ, ತಮ್ಮ ಶಿರಸಿಯಲ್ಲಿದ್ದಾರೆ. ತಮ್ಮನದು ಬಟ್ಟೆ ಅಂಗಡಿ. ನಮ್ಮ ಮೂಲ ಮಾತ್ರ ಬನವಾಸಿಯ ಆಚೆ, ಮೂಡಲ ಸೀಮೆ. ಹಾಗಾಗಿ ಇಷ್ಟು ವರ್ಷ ಈ ಕಡೆ ಬದುಕಿದರೂ ನಮ್ಮ ಬಾಯಿಂದ ‘ಬರ್ರಿ, ಹೋಗ್ರಿ’ ಹೋಗಿಲ್ಲ. ನಮ್ಮ ಮನೆತನಗಳ ಅಡ್ಡಹೆಸರುಗಳಂತೂ ಇಲ್ಲಿಯವರಿಗೆ ದೊಡ್ಡ ತಮಾಷೆ. ಬೆಲ್ಲದ, ಉಪ್ಪಿನ, ತುಪ್ಪದ, ಮೆಣಸಿನಕಾಯಿ, ಹೀಗೆ. ಒಮ್ಮೆ ನಮ್ಮ ಬಳಗದ ಒಂದು ಲಗ್ನಪತ್ರಿಕೆಯನ್ನು ಶಾಲೆಯಲ್ಲಿ ಮೇಜಿನ ಮೇಲೆ ಇಟ್ಟಿದ್ದೆ. ಜೊತೆಯ ಟೀಚರ್ ಒಬ್ಬಳು ಓದಿ, “ಇದೆಂತದೇ? ಲಗ್ನಪತ್ರಿಕೆಯಾ, ಕಿರಾಣಿ ಚೀಟಿಯಾ?” ಎಂದು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಒಳಗೆ ಸ್ವಲ್ಪ ಉರಿಯಿತು.

ತಮ್ಮನ ಹೆಂಡತಿಯ ತವರು ಬನವಾಸಿ. ಅವರ ಮನೆತನದ ಅಡ್ಡಹೆಸರು ಸಕ್ರಿ. ಸಕ್ಕರೆ ಎನ್ನುವುದನ್ನು ನಮ್ಮ ಕಡೆ ಸಕ್ರಿ ಅನ್ನುತ್ತೇವಲ್ಲ, ಅದೇ. ಅವಳ ತಂದೆ, ನಮ್ಮ ಬೀಗರು, ಕಾರ್ತಿಕದ ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಎರೆಯುವವರು. ಪಾಕ ಕಾಸಿ, ಹಾಲು ಹಾಕಿ ಕೊಳೆ ತೆಗೆದು, ನೀರಲ್ಲಿ ನೆನೆಸಿದ ಮರದ ಅಚ್ಚಿನೊಳಗೆ ಸುರಿದು, ಗಟ್ಟಿಯಾದ ಮೇಲೆ ಬಿಚ್ಚಿದರೆ ಆನೆ, ಬಸವಣ್ಣ, ಗೋಪುರ ಎಲ್ಲ ಒಂದೊಂದಾಗಿ ಹೊರಗೆ ಬರುತ್ತವೆ. ಲಗ್ನ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಇವನ್ನು ತಟ್ಟೆ ತುಂಬ ಒಯ್ದು ಕೊಡುವುದು ನಮ್ಮಲ್ಲಿ ಪದ್ಧತಿ. ಅದಕ್ಕೆ ಸಕ್ರಿ ಆರತಿ ಎನ್ನುತ್ತಾರೆ. ಶಿರಸಿ ದಾಟಿದರೆ ಈ ಪದ್ಧತಿಯೇ ಇಲ್ಲ. ಬೀಗರು ಹುಡುಗರಾಗಿದ್ದಾಗ ಹುರುಪಿನಲ್ಲಿ ಒಂದು ಡಬ್ಬಿ ಗೊಂಬೆ ತೆಗೆದುಕೊಂಡು ಸಿದ್ದಾಪುರದ ಪೇಟೆಗೆ ಹೋಗಿದ್ದರಂತೆ. ಅಲ್ಲಿಯ ಅಂಗಡಿಯವನು ಸಕ್ಕರೆ ಆನೆಯನ್ನು ಸೊಂಡಿಲು ಹಿಡಿದು ಎತ್ತಿ, “ಇದೆಂತಕ್ಕೆ ಮಾರಾಯಾ? ಚಾಕ್ಕೆ ಹಾಕ್ಲಕ್ಕಾ?” ಎಂದು ಕೇಳಿದನಂತೆ. ಆ ಕತೆಯನ್ನು ಅವರು ಈಗಲೂ ಸೊಂಡಿಲು ಹಿಡಿದ ಕೈಯ ಸಮೇತ ಮಾಡಿ ತೋರಿಸುತ್ತಾರೆ.

ಬನವಾಸಿಯಲ್ಲಿ ಅವರ ಸ್ವಂತ ಹೆಸರು ಹೇಳಿ ಮನೆ ಕೇಳಿದರೆ ಜನ ಮುಖ ಮುಖ ನೋಡುತ್ತಾರೆ. ಸಕ್ರಿ ಎಂದರೆ ಸಾಕು, ಕೈಹಿಡಿದು ಬಾಗಿಲ ತನಕ ಬಿಟ್ಟು ಬರುತ್ತಾರೆ. ಚಾದಂಗಡಿಯಲ್ಲಿ “ಸಕ್ರಿ, ಬಾರಪಾ ಇಲ್ಲೆ” ಎಂದು ಕರೆಯುವವರು ಅವರ ಓರಗೆಯವರು. “ಸಕ್ರಿಯವರ, ನಮ್ಮ ಆರತಿ ಆತೇನ್ರಿ?” ಎಂದು ಕೇಳುವವರು ಗಿರಾಕಿಗಳು. ಇಟ್ಟ ಹೆಸರು ಬ್ಯಾಂಕಿಗೆ ಮಾತ್ರ ಎಂದು ಅವರೇ ಹೇಳುತ್ತಾರೆ.

ಕೂಸು ಹುಟ್ಟಿದ ಕೂಡಲೇ ನನ್ನ ತಮ್ಮ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹೆಸರುಗಳನ್ನು ಹಾಕತೊಡಗಿದ. ಎಲ್ಲವೂ ಎರಡಕ್ಷರದವು, ಯಾವುದಕ್ಕೂ ನನಗೆ ಅರ್ಥ ಗೊತ್ತಿಲ್ಲ. ಅವ್ವನಿಗೆ ಫೋನಿನಲ್ಲಿ ಓದಲು ಬರುವುದಿಲ್ಲ. ತಮ್ಮ ಓದಿ ಹೇಳಿದಾಗ ಎಲ್ಲವನ್ನೂ ಕೇಳಿ, “ಇವೇನು ಹೆಸರೋ, ಗುಳಿಗಿ ಹೆಸರೋ?” ಎಂದಳು. ಆಮೇಲೆ ತೀರ್ಪು ಕೊಟ್ಟಳು. ತನ್ನ ಅತ್ತೆಯ ಹೆಸರು ಇಡಬೇಕು. ಅಜ್ಜಿ ಸತ್ತ ಮೇಲೆ ಮನೆಯಲ್ಲಿ ಹುಟ್ಟಿದ ಮೊದಲ ಹೆಣ್ಣುಕೂಸು ಇದು, ಆಕೆಯೇ ಹೊಳ್ಳಿ ಬಂದಿದ್ದಾಳೆ. ಅಲ್ಲಿಗೆ ಗುಂಪಿನಲ್ಲಿ ಮಾತು ಮುಗಿಯಿತು. ಒಂದು ತಮಾಷೆ ಆಗ ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಅವ್ವ ಆ ಹೆಸರನ್ನು ಬಾಯಿಬಿಟ್ಟು ಹೇಳಿರಲೇ ಇಲ್ಲ. “ನಿಮ್ಮಜ್ಜಿ ಹೆಸರು” ಎಂದಷ್ಟೇ ಹೇಳಿದ್ದಳು. ಅತ್ತೆ, ಮಾವ, ಗಂಡ, ಈ ಮೂವರ ಹೆಸರನ್ನು ಅವಳ ಕಾಲದ ಸೊಸೆಯರು ಬಾಯಲ್ಲಿ ತರುವವರಲ್ಲ.

ತೊಟ್ಟಿಲಿಗೆ ಇನ್ನೂ ಕೆಲವು ದಿನವಿತ್ತು. ನಾನು ಕೂಸನ್ನು ನೋಡಲು ಬನವಾಸಿಗೆ ಹೋದೆ. ತಮ್ಮನ ಹೆಂಡತಿ ಬಾಣಂತಿ ಕೋಣೆಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಕೂಸನ್ನು ನನ್ನ ತೊಡೆಗೆ ಹಾಕಿ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿದಳು.

“ಅಕ್ಕಾರ, ನಿಮ್ಮಿಂದ ಒಂದು ಆಗಬೇಕಿತ್ತರಿ.”

“ಏನವ್ವಾ?”

“ಕೂಸಿನ ಕಿವ್ಯಾಗ ಸಕ್ರಿ ಅಂತ ಹೇಳ್ರಿ.”

ನಾನು ಚೇಷ್ಟೆ ಎಂದುಕೊಂಡೆ. “ಅದು ನಿಮ್ಮ ಅಡ್ಡಹೆಸರಲ್ಲೇನ? ಅಡ್ಡಹೆಸರು ಯಾರರ ಕೂಸಿಗೆ ಇಡತಾರೇನ?”

“ಅಡ್ಡಹೆಸರು ಆಗಿದ್ದಕ್ಕ ನನ್ನ ಕಡಿಂದ ಹೋತರಿ,” ಎಂದಳು. ಸಿಟ್ಟಿನಿಂದಲ್ಲ, ತುಂಬ ದಿನ ಯೋಚಿಸಿದವರು ಹೇಳುವ ಹಾಗೆ. “ಲಗ್ನ ಆತು, ಆಧಾರ ಕಾರ್ಡಿನ್ಯಾಗ ನಿಮ್ಮ ಮನಿ ಹೆಸರು ಬಂತು. ನಾ ಏನೂ ಅಂದಿಲ್ಲ. ಆದ್ರ ಅಪ್ಪಗ ನಾ ಒಬ್ಬಾಕಿ. ಅವನ ಕಾಲಕ್ಕ ಆ ಹೆಸರು ಮುಗೀತೈತಿ. ನನ್ನ ಮಗಳು ನಾಳೆ ಎಲ್ಲಿಗರ ಹೋಗ್ಲಿ, ಅಡ್ಡಹೆಸರು ಏನರ ಆಗ್ಲಿ, ಇಟ್ಟ ಹೆಸರು ಆಕೀ ಜೋಡಿನ ಹೋಕೈತಿ. ಅದನ್ನ ಯಾರೂ ಕಸಗೊಳ್ಳೂದಿಲ್ಲ.”

ಉತ್ತರ ಹೊಳೆಯದಿದ್ದಾಗ ನಾನು ಜೋರು ಮಾಡುತ್ತೇನೆ, ಅದು ನನ್ನ ಸ್ವಭಾವ. “ನನ್ನ ತಮ್ಮಗ ಹೇಳಬೇಕಿತ್ತು,” ಎಂದೆ.

“ಹೇಳೀನ್ರಿ. ಅವ್ವನ ಕೇಳು ಅಂದ್ರು.”

ಅವನು ಹೀಗೆಯೇ. ಹೆಂಡತಿ, ಅವ್ವ ಇಬ್ಬರ ನಡುವೆ ಅವನದು ಅತ್ತ ದರಿ ಇತ್ತ ಪುಲಿ. ಅಂಗಡಿಯಲ್ಲಿ ಮಾತ್ರ ಹುಲಿ. ನಾನು, “ಅವ್ವನ ಕೈಲೆ ನನಗ ಬೈಸಬ್ಯಾಡ ತಂಗಿ. ಹಿರೇರು ಆರಿಸಿದ್ದ ಹೇಳತೀನಿ,” ಎಂದು ಖಂಡಿತವಾಗಿ ಹೇಳಿದೆ. ಅವಳು ಒತ್ತಾಯ ಮಾಡಲಿಲ್ಲ. “ಅಪ್ಪಗ ಹೇಳಬ್ಯಾಡ್ರಿ ಮತ್ತ. ತಿಳದ್ರ ನಾಚಿ ಸಾಯತಾನ,” ಎಂದಷ್ಟೇ ಹೇಳಿ ಕೂಸನ್ನು ಹೊಳ್ಳಿ ಇಸಿದುಕೊಂಡಳು.

ಹೊರಗೆ ಹಿತ್ತಲಲ್ಲಿ ಬೀಗರು ಒಲೆ ಹೂಡಿ ಪಾಕ ಕಾಸುತ್ತಿದ್ದರು. ಗೌರಿ ಹುಣ್ಣಿಮೆ ಇನ್ನೂ ದೂರ ಇತ್ತು. ಮೊಮ್ಮಗಳ ತೊಟ್ಟಿಲಿಗೆ ಬಂದವರ ಕೈಗೆಲ್ಲ ಒಂದೊಂದು ಗೊಂಬೆ ಕೊಡಬೇಕೆಂದು ಅವರ ಹಟ. ಮಳೆಗಾಲದ ಹಸಿ ಹವೆಗೆ ಸಕ್ಕರೆ ಬೆವರುತ್ತಿತ್ತು. ಎರೆದ ಆನೆಗಳಲ್ಲಿ ಅರ್ಧಕ್ಕೆ ಕಾಲು ನಿಲ್ಲುತ್ತಿರಲಿಲ್ಲ. ಅವರು ಹವೆಯನ್ನು ಬೈಯುತ್ತ, ಕಟ್ಟಿಗೆಯನ್ನು ಬೈಯುತ್ತ, ಕೂಡದ ಕಾಲುಗಳನ್ನು ಹೊಳ್ಳಿ ಪಾಕಕ್ಕೆ ಹಾಕುತ್ತಿದ್ದರು. ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಸುಮ್ಮನೆ ಕೇಳುವವಳ ಹಾಗೆ ಕೇಳಿದೆ.

“ಮಾವಾರ, ನಿಮಗ ಸಕ್ರಿ ಅನ್ನೋ ಹೆಸರು ಹೆಂಗ ಬಂತರಿ?”

ನನ್ನ ಅವ್ವನ ಪ್ರಕಾರ ಆ ಮನೆತನದಲ್ಲಿ ಯಾರೋ ಸಿಹಿ ಮಾತಿನವರಿದ್ದರು, ಅದಕ್ಕೆ ಆ ಹೆಸರು. ಬೀಗರ ಬೈಗುಳ ಕೇಳಿದವರು ಯಾರೂ ಅದನ್ನು ನಂಬುವುದಿಲ್ಲ. ಅವರು ಪಾಕ ತಿರುವುವ ಸಟುಗ ಕೆಳಗಿಟ್ಟು ಹುರುಪಿನಿಂದ ಶುರು ಮಾಡಿದರು. “ನಾವು ಮೊದಲ ಸಕ್ರಿಯವರಲ್ಲವ್ವಾ. ನಮ್ಮ ಮುತ್ಯಾನ ಅಪ್ಪ ಹಾವೇರಿ ಕಡಿಂದ ಬಂದಾವ. ಅವನ ಅಡ್ಡಹೆಸರು ಬ್ಯಾರೆ ಇತ್ತಂತ. ಏನಿತ್ತು ಅಂತ ನಮ್ಮಪ್ಪಗೂ ಗೊತ್ತಿರಲಿಲ್ಲ. ಇಲ್ಲೆ ಎಲ್ಲಾರೂ ಬೆಲ್ಲ ಮಾರತಿದ್ರು. ಇವ ಎರಡು ಅಚ್ಚು ಹೊತಗೊಂಡು ಬಂದು ಸಕ್ರಿ ಎರದ. ಊರ ಮಂದಿ ಸಕ್ರಿ ಅಂದ್ರು. ಅವನ ಮಗಗೂ ಸಕ್ರಿ ಅಂದ್ರು. ಮುಗೀತು.”

“ಹಳೇ ಹೆಸರು ಬಿಟ್ಟದ್ದಕ್ಕ ಅವರಿಗೆ ಬ್ಯಾಸರ ಆಗಲಿಲ್ಲೇನ?”

“ಹೆಸರು ನಾವು ಇಟಗೊಂಡ್ರ ಹೆಸರೇನು? ಮಂದಿ ಕರದ್ರ ಹೆಸರು. ಕರಿಯಾವರು ಇಲ್ಲಂದ್ರ ಇಲ್ಲ.” ಅವರು ಒಂದು ಅಚ್ಚು ಬಿಚ್ಚಿದರು. ಅದರ ಬಸವಣ್ಣನ ಕೊಂಬು ಮುರಿದಿತ್ತು. ಅದನ್ನು ನೋಡುತ್ತ ನಕ್ಕರು. “ಇನ್ನ ನನ್ನ ಹಿಂದ ಯಾರನ್ನ ಕರೀತಾರ? ನಾ ಹ್ವಾದ ಮ್ಯಾಲೆ ಸಕ್ರಿ ಅಂದ್ರ ಡಬ್ಬ್ಯಾಗಿನ ಸಕ್ರಿ ಅಷ್ಟ.”

ಅವರು ನಕ್ಕರು, ನನಗೆ ನಗು ಬರಲಿಲ್ಲ. ಆ ಮನುಷ್ಯನಿಗೆ ಮಗನಿಲ್ಲ ಎಂದು ಊರವರು ಮರುಗುವುದನ್ನು ಕೇಳಿದ್ದೆ. ಅವರ ಬಾಯಿಂದ ಆ ಮಾತನ್ನು ಎಂದೂ ಕೇಳಿರಲಿಲ್ಲ. ಅಂದೂ ಅವರು ಮಗ ಎನ್ನಲಿಲ್ಲ. ಆದರೆ ಒಳಗೆ ಕೂತ ಮಗಳಿಗೆ ಅದು ಗೊತ್ತಿತ್ತು. ಅವಳಿಗೇ ನಾನು ಅಷ್ಟು ಖಂಡಿತವಾಗಿ ಇಲ್ಲ ಎಂದು ಹೇಳಿ ಬಂದಿದ್ದೆ.

ಶಿರಸಿಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಕಡಲೆ ಆರಿಸುತ್ತಿದ್ದಳು. ತೊಟ್ಟಿಲಿಗೆ ಬಂದವರಿಗೆ ಗುಗ್ಗರಿ ಹಂಚಬೇಕಲ್ಲ, ಅದಕ್ಕೆ. ನಾನೂ ಎದುರಿಗೆ ಕೂತೆ. ಅವ್ವನಿಗೆ ತವರಿನಲ್ಲಿ ಇಟ್ಟ ಹೆಸರು ಬೇರೆಯೇ ಇತ್ತು. ಲಗ್ನವಾಗಿ ಬಂದಾಗ ಈ ಮನೆಯಲ್ಲಿ ಅದೇ ಹೆಸರಿನ ನಾದಿನಿ ಇದ್ದಳು. ಒಂದೇ ಮನೆಯಲ್ಲಿ ಒಂದೇ ಹೆಸರಿನವರು ಇಬ್ಬರು ಬೇಡ ಎಂದು ಅಜ್ಜಿ ಸೊಸೆಯ ಹೆಸರು ಬದಲಿಸಿದಳು. ನಾದಿನಿ ಮರುವರ್ಷವೇ ಲಗ್ನವಾಗಿ ಹೋದಳು. ಅವ್ವನ ಹೆಸರು ಮಾತ್ರ ಹೊಳ್ಳಿ ಬರಲಿಲ್ಲ. ಇದು ನಮಗೆಲ್ಲ ಚಿಕ್ಕಂದಿನಿಂದ ಗೊತ್ತಿದ್ದ ಸಂಗತಿ. ಗೊತ್ತಿದ್ದದ್ದನ್ನು ಯಾರೂ ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ.

“ಅವ್ವಾ, ನಿನ್ನ ತವರುಮನಿ ಹೆಸರು ಈಗ ಯಾರರ ಕರೀತಾರೇನು?”

ಅವಳ ಕೈ ಮೊರದ ಮೇಲೆ ನಿಂತಿತು. “ಅಣ್ಣ ಇದ್ದಾಗ ಫೋನ್ ಹಚ್ಚಿ ಕರೀತಿದ್ದ. ಅವ ಹ್ವಾದ. ಈಗ ಯಾರು ಕರೀತಾರ?” ಒಂದು ಕಲ್ಲುಹರಳನ್ನು ಆರಿಸಿ ಆಚೆ ಎಸೆದಳು. “ಆಕಿ ಎಲ್ಲಿದ್ದಾಳ ಈಗ?”

ಅವಳು ‘ಆಕಿ’ ಎಂದದ್ದು ತನ್ನನ್ನೇ. ಅವ್ವ ಬೇಗ ಸುಧಾರಿಸಿಕೊಂಡು, “ಹರಳು ಬಿಟ್ಟೀ ನೋಡು, ಕಣ್ಣು ಎಲ್ಲೆ ಇಟ್ಟೀ?” ಎಂದು ಗದರಿಸಿದಳು. ನಾನು ಹರಳು ಆರಿಸಿದೆ. ಕೇಳುವ ಮೊದಲೇ ನನ್ನ ಮನಸ್ಸು ತಮ್ಮನ ಹೆಂಡತಿಯ ಕಡೆ ಅರ್ಧ ವಾಲಿತ್ತು. ಈಗ ಪೂರ್ತಿ ವಾಲಿತು. ಅವ್ವನಿಗೆ ಹೇಳಿ ಒಪ್ಪಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮವ್ವನನ್ನು ನೀವು ನೋಡಿಲ್ಲ.

ತೊಟ್ಟಿಲ ದಿನ ಬನವಾಸಿಯ ಆ ಮನೆಯ ನಡುಮನೆ ತುಂಬ ಹೆಂಗಸರು. ಮೊದಲು ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿ ತೂಗಿದ್ದಾಯಿತು. ಆಮೇಲೆ ಕೂಸನ್ನು ಮಲಗಿಸಿದರು. ಗಂಡಸರು ಹೊರಗಿನ ಕಟ್ಟೆಯ ಮೇಲೆ ಇದ್ದರು. ಬೀಗರು ಕಾಲು ಸರಿಯಿದ್ದ ಆನೆಗಳನ್ನೆಲ್ಲ ಪರಾತಕ್ಕೆ ಜೋಡಿಸಿಕೊಂಡು ಹೊಸಲಿನ ಹತ್ತಿರ ನಿಂತಿದ್ದರು. ನಾನು ಸೆರಗು ಸಿಕ್ಕಿಸಿ ತೊಟ್ಟಿಲಿಗೆ ಬಾಗಿದೆ. ಹಿಂದೆ ಅವ್ವ ಇದ್ದಾಳೆ ಎನ್ನುವುದು ನೋಡದೆಯೂ ಗೊತ್ತಿತ್ತು. ಬಾಣಂತಿ ಗೋಡೆಗೆ ಒರಗಿ ಕಣ್ಣು ಕೆಳಗೆ ಹಾಕಿ ಕೂತಿದ್ದಳು. ಅವಳಿಗೆ ನನ್ನಿಂದ ಯಾವ ಆಸೆಯೂ ಇರಲಿಲ್ಲ.

ಕೂಸಿನ ಕಿವಿಯಿಂದ ಎಣ್ಣೆಯ ವಾಸನೆ ಬರುತ್ತಿತ್ತು. “ಕುರ್ರ್...” ಎಂದು ಅಜ್ಜಿಯ ಹೆಸರು ಹೇಳಿದೆ. ಗುದ್ದುಗಳು ಬಿದ್ದವು. ಮತ್ತೆ “ಕುರ್ರ್...” ಎಂದು ಇನ್ನೊಂದು ಹೆಸರು ಹೇಳಿದೆ. ನೆಟ್ಟಗೆ ನಿಂತು ಎಲ್ಲರಿಗೂ ಕೇಳುವಂತೆ ಎರಡನ್ನೂ ಒದರಿದೆ, ಮೊದಲು ಅಜ್ಜಿಯದು, ಆಮೇಲೆ ಸಕ್ರಿ.

ಗುದ್ದುವ ಕೈಗಳು ಅಲ್ಲೇ ನಿಂತವು. ಯಾರೋ ಕಿಸಕ್ಕನೆ ನಕ್ಕರು. ಆಗ ಒಂದೇ ಒಂದು ಗುದ್ದು ಬಿತ್ತು, ಬೆನ್ನು ಮುರಿಯುವಂಥದ್ದು. ಅದು ಶಾಸ್ತ್ರಕ್ಕೆ ಹಾಕಿದ ಗುದ್ದಲ್ಲ. ಅವ್ವನ ಕೈ ಅದು ಎಂದು ಬೇರೆ ಹೇಳಬೇಕಾಗಿಲ್ಲ. ಬಾಣಂತಿ ತಲೆಯೆತ್ತಿ ನನ್ನನ್ನು ನೋಡಿದಳು. ಅಷ್ಟರಲ್ಲಿ ಅವಳ ಕಣ್ಣು ತುಂಬಿ ಬಂದಿತ್ತು.

ಆದರೆ ಬೀಗರ ಮುಖ ಕಪ್ಪಿಟ್ಟಿತು. ಪರಾತವನ್ನು ನೆಲಕ್ಕಿಟ್ಟು ಹೊಸಲಿನ ಆಚೆಯಿಂದಲೇ ಅವ್ವನಿಗೆ ಕೈ ಮುಗಿದರು. “ನಾ ಹೇಳಿಸಿದ್ದಲ್ಲರಿ ಇದು. ನನಗೇನೂ ಗೊತ್ತಿಲ್ಲರಿ. ಹೆಣ್ಣು ಕೊಟ್ಟಾವ ತನ್ನ ಹೆಸರನ್ನೂ ಬೀಗರ ಮನಿಗೆ ಹೊರಿಸಿದ ಅನಬ್ಯಾಡ್ರಿ.” ಹೆಣ್ಣು ಕೊಟ್ಟವರು ತಗ್ಗಿ ನಡೆಯಬೇಕೆಂಬುದು ಅವರ ಮೈಗೆ ಹತ್ತಿದ ರೂಢಿ. ನಾನು ಉಪಕಾರ ಮಾಡಿದೆ ಎಂದುಕೊಂಡರೆ ಅವರನ್ನು ನಾಲ್ಕು ಜನರ ಮುಂದೆ ತಲೆ ತಗ್ಗಿಸುವಂತೆ ಮಾಡಿದ್ದೆ. “ನಾನ ಹೇಳಿದ್ದು ಮಾವಾರ, ಬೈಯೂದಿದ್ರ ನನಗ ಬೈರಿ,” ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಎಲ್ಲರಿಗೂ ಬಡಿಸುತ್ತ ಓಡಾಡಿದರು, ತಾವು ಮಾತ್ರ ಕೂರಲಿಲ್ಲ.

ಅವ್ವ ಶಿರಸಿಯ ತನಕ ಕಾರಿನಲ್ಲಿ ಕಿಟಕಿಯ ಕಡೆ ಮುಖ ಹಾಕಿ ಕೂತಿದ್ದಳು. ಇಳಿಯುವಾಗ, “ಅಜ್ಜಿ ಹೆಸರ ಖರೇ. ಇನ್ನೊಂದು ನಿನ್ನ ಬಾಯಾಗ ಇಟಗೋ,” ಎಂದಳು. ಕಿವಿಯಲ್ಲಿ ಬಿದ್ದದ್ದು ಹೊಳ್ಳಿ ಬರುವುದಿಲ್ಲವಲ್ಲ ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಆದರೆ ಬೆನ್ನು ಇನ್ನೂ ನೋಯುತ್ತಿತ್ತು.

ಬಾಣಂತನ ಮುಗಿದು ಕೂಸು ಶಿರಸಿಗೆ ಬಂತು. ಆಗ ಶುರುವಾಯಿತು ಅವ್ವನ ಫಜೀತಿ. ತಾನೇ ಹಟ ಹಿಡಿದು ಇಡಿಸಿದ ಹೆಸರನ್ನು ಕರೆಯಲು ಅವಳಿಗೆ ಬಾಯಿಯೇ ಬರಲಿಲ್ಲ. ಅತ್ತೆಯ ಹೆಸರು! ಅದನ್ನು ಕರೆದು, “ಉಚ್ಚಿ ಹೊಯ್ದೇನ?” ಎಂದು ಕೇಳುವುದು ಹೇಗೆ? ಸಿಟ್ಟು ಬಂದಾಗ ಬೈಯುವುದು ಹೇಗೆ? ಮೊದಮೊದಲು ಕೂಸು, ಬಂಗಾರ, ಅವ್ವಿ ಎಂದು ನಡೆಸಿದಳು. ತೊಟ್ಟಿಲಲ್ಲಿರುವ ಕೂಸಿಗೆ ಏನೆಂದರೂ ನಡೆಯುತ್ತದೆ. ಅಂಬೆಗಾಲಿಕ್ಕುವ ಕೂಸಿಗೆ ತಿರುಗಿ ನೋಡುವಂಥ ಒಂದು ಹೆಸರು ಬೇಕು. ತಾಯಿಯಂತೂ ಅತ್ತೆಯ ಎದುರು ಸಕ್ರಿ ಎನ್ನುವ ಧೈರ್ಯ ಮಾಡುತ್ತಿರಲಿಲ್ಲ. ಕೋಣೆಯೊಳಗೆ ಮೆಲ್ಲಗೆ ಕರೆಯುತ್ತಿದ್ದಳು. ಕೂಸು ಅದಕ್ಕೆ ಓಗೊಡುತ್ತಿತ್ತು.

ಒಂದು ದಿನ ನಾನು ಯಲ್ಲಾಪುರದಿಂದ ಫೋನ್ ಮಾಡಿದಾಗ ಅವ್ವ ಮಾತಿನ ನಡುವೆ, “ಏ ಸಕ್ರೀ, ಅದನ್ನ ಬಾಯಾಗ ಹಾಕಬ್ಯಾಡ!” ಎಂದು ಕೂಗಿದ್ದು ಕೇಳಿಸಿತು. ನಾನು ಕೇಳುವ ಮೊದಲೇ ಅವಳೇ ತಡೆಯಲಾರದೆ, “ಮತ್ತೇನು ಮಾಡ್ಲಿ? ಅತ್ತಿ ಹೆಸರು ಹೆಂಗ ಒದರಲಿ? ಇದು ತಿರುಗೂದು ಅದಕ್ಕ ಅಷ್ಟ,” ಎಂದಳು. ಆಮೇಲೆ ಯಾವ ಮುಚ್ಚುಮರೆಯೂ ಉಳಿಯಲಿಲ್ಲ. ಓಣಿಯ ಮಕ್ಕಳು, ಹಾಲಿನವನು, ಅಂಗಡಿಯ ಗಿರಾಕಿಗಳು ಎಲ್ಲರಿಗೂ ಅದು ಸಕ್ರಿಯೇ ಆಯಿತು.

ಬೀಗರಿಗೆ ಮಾತ್ರ ಇದು ಗೊತ್ತಿರಲಿಲ್ಲ. ಮಗಳು ಹೇಳಿರಲಿಲ್ಲ. ಫೋನಿನಲ್ಲಿ ಅವರು ಮೊಮ್ಮಗಳನ್ನು ಅಜ್ಜಿಯ ಹೆಸರಿನಿಂದಲೇ, ಅದಕ್ಕೊಂದು ‘ಅವ್ವಾರ’ ಸೇರಿಸಿ ಕರೆಯುತ್ತಿದ್ದರು. ತೊಟ್ಟಿಲಾದ ಮೇಲೆ ಅವರು ಶಿರಸಿಗೆ ಕಾಲಿಟ್ಟಿರಲೂ ಇಲ್ಲ. ಏನಾದರೊಂದು ನೆವ. ಬೀಗರೆದುರು ಹೋಗಲು ಅಪ್ಪನಿಗೆ ಮುಜುಗರ ಎಂದು ಮಗಳು ನನ್ನೊಬ್ಬಳಿಗೆ ಹೇಳಿದ್ದಳು. ಹೇಳಿ ಅತ್ತಿದ್ದಳು.

ಕೊನೆಗೆ ಮೊಮ್ಮಗಳ ಮೊದಲ ಹುಟ್ಟಿದ ದಿನಕ್ಕೆ ಬರಬೇಕೆಂದು ತಮ್ಮ ತಾನೇ ಬನವಾಸಿಗೆ ಹೋಗಿ ಹೇಳಿ ಬಂದ. ಹುಟ್ಟಿದ ದಿನ ನಾನು ಶಿರಸಿಯಲ್ಲೇ ಇದ್ದೆ, ಜಗುಲಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಕೂಸು ಗೋಡೆ ಹಿಡಿದು ನಿಂತಿತ್ತು. ಬೀಗರು ಗೇಟಿನ ಹತ್ತಿರ ಬಂದು, ಒಳಗೆ ಬರಲೋ ಬೇಡವೋ ಎನ್ನುವ ಹಾಗೆ ಕೈಚೀಲ ಹಿಡಿದು ನಿಂತಿದ್ದರು. ನಾನು ಏಳುವಷ್ಟರಲ್ಲಿ ಕೂಸು ಗೋಡೆ ಬಿಟ್ಟು ಮೆಟ್ಟಿಲ ಕಡೆ ಹೆಜ್ಜೆ ಇಟ್ಟಿತು. ಒಳಗಿನಿಂದ ಅದನ್ನು ಕಂಡ ಅವ್ವ ಹೌಹಾರಿ ಒದರಿದಳು.

“ಸಕ್ರೀ! ನಿಂದರು ಅಲ್ಲೇ!”

“ಹಾಂ, ನಿಂತೀನ್ರಿ!” ಎಂದರು ಗೇಟಿನಲ್ಲಿದ್ದ ಬೀಗರು.

ನಾನು ಓಡಿ ಹೋಗಿ ಕೂಸನ್ನು ಹಿಡಿದೆ. ಅವ್ವ ಹೊರಗೆ ಬಂದವಳು ಅವರನ್ನು ನೋಡಿ ನಾಲಗೆ ಕಚ್ಚಿಕೊಂಡಳು. ಬೀಗರನ್ನು ಏಕವಚನದಲ್ಲಿ ಹೆಸರು ಹಿಡಿದು ಕರೆದಂತಾಗಿತ್ತಲ್ಲ! ಸೆರಗು ತಲೆಗೆಳೆದುಕೊಂಡು, “ಅಯ್ಯ, ನಿಮಗಲ್ಲರಿ! ಕೂಸಿಗೆ ಅಂದ್ನಿ. ನಾವು ಅದನ್ನ ಹಂಗ ಕರಿಯೂದರಿ,” ಎಂದು ತೊದಲಿದಳು.

ಬೀಗರು ಅಲ್ಲಿಯೇ ನಿಂತಿದ್ದರು. ನನ್ನ ಸೊಂಟದ ಮೇಲಿದ್ದ ಮೊಮ್ಮಗಳನ್ನು ನೋಡಿದರು, ಅವ್ವನನ್ನು ನೋಡಿದರು. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

“ನನಗಲ್ಲ ಅಂತ ತಿಳೀತರಿ, ಬೀಗತ್ಯಾರ,” ಎಂದರು. “ಅದಕ್ಕ ಇಷ್ಟು ಛಲೋ ಅನಸ್ತು.”